ತ್ರಿಕೋನ, ತ್ರಿಭುಜ, ತ್ರ್ಯಸ್ರ: ಪದಗಳ ಅರ್ಥ ಮತ್ತು ಬಳಕೆ

ಮೂರು ಸರಳರೇಖೆಗಳು ಸುತ್ತುವರಿದ ಆಕೃತಿಗೆ ಇಂದಿನ ಕನ್ನಡದಲ್ಲಿ ತ್ರಿಕೋನ, ತ್ರಿಭುಜ ಎಂಬ ಎರಡು ಹೆಸರುಗಳಿವೆ. ಆಗಮಗಳಲ್ಲಿ ಮತ್ತು ಹಳೆಯ ಸಂಸ್ಕೃತ ಗಣಿತದಲ್ಲಿ ತ್ರ್ಯಸ್ರ ಎಂಬ ಹೆಸರೂ ಬರುತ್ತದೆ. ಅದರ ಪ್ರಾಕೃತ ರೂಪ ತಂಸ. ಹಳ್ಳಿಯ ಮಾತಿನಲ್ಲಿ 'ಮೂರು ಮೂಲೆ' ಎಂದರೆ ಮುಗಿಯಿತು. ಈ ಎಲ್ಲ ಹೆಸರುಗಳು ಸೂಚಿಸುವ ಆಕೃತಿ ಒಂದೇ, ಆದರೆ ಒಂದೊಂದು ಹೆಸರೂ ಬೇರೆ ಬೇರೆ ಸಂಗತಿಯನ್ನು ಎಣಿಸುತ್ತದೆ. ತ್ರಿಕೋನ ಎಂದವರು ಕೋನಗಳನ್ನು ಎಣಿಸಿದರು. ತ್ರಿಭುಜ ಎಂದವರು ಬದಿಗಳನ್ನು, ಅಂದರೆ ಬಾಹುಗಳನ್ನು ಎಣಿಸಿದರು. ತ್ರ್ಯಸ್ರದಲ್ಲಿ 'ಅಸ್ರ' ಎಂದರೆ ಅಂಚು ಅಥವಾ ಮೂಲೆ. ಇಂಗ್ಲಿಷಿನ ಟ್ರಯಾಂಗಲ್ ಲ್ಯಾಟಿನ್ ಮೂಲದ್ದು, ಅದರ ಅರ್ಥವೂ ಮೂರು ಕೋನ ಎಂದೇ. ಆದ್ದರಿಂದ ಟ್ರಯಾಂಗಲ್‌ಗೆ ನೇರ ಸಮಾನಪದ ತ್ರಿಕೋನ. ಶಾಲೆಯ ಪುಸ್ತಕಗಳು ಆರಿಸಿಕೊಂಡದ್ದು ಮಾತ್ರ ತ್ರಿಭುಜ.

ಈ ಆಯ್ಕೆಗೆ ಕಾರಣವಿದೆ. ನಮ್ಮ ಪ್ರಾಚೀನ ಗಣಿತಜ್ಞರು ಕ್ಷೇತ್ರಫಲವನ್ನು ಕೋನ ಅಳೆದು ತೆಗೆಯಲಿಲ್ಲ, ಬದಿಗಳನ್ನು ಅಳೆದು ತೆಗೆದರು. ಹೊಲದ ಬದುವಿನ ಮೇಲೆ ಹಗ್ಗ ಎಳೆಯಬಹುದು, ಸರಪಳಿ ಹಾಸಬಹುದು. ಮೂಲೆ ಎಷ್ಟು ಡಿಗ್ರಿ ಇದೆ ಎಂದು ರೈತನಿಗೆ ಯಾರೂ ಕೇಳುವುದಿಲ್ಲ. ಬದು ಎಷ್ಟು ಉದ್ದ ಎಂದೇ ಕೇಳುತ್ತಾರೆ. ಹೊಲದಿಂದ ಹುಟ್ಟಿದ ಗಣಿತಕ್ಕೆ ಹೊಲದ ಮಾತೇ ಬಂದಿದೆ.

ಕ್ಷೇತ್ರ ಎಂಬ ಪದವನ್ನೇ ನೋಡಬಹುದು. ಕ್ಷೇತ್ರ ಎಂದರೆ ಮೊದಲು ಹೊಲ. ನಂತರ ರೇಖೆಗಳಿಂದ ಸುತ್ತುವರಿದ ಯಾವುದೇ ಆಕೃತಿ. ಆಮೇಲೆ ಸಮ್ಮೇದಶಿಖರ, ಶ್ರವಣಬೆಳಗೊಳದಂತಹ ಪುಣ್ಯಸ್ಥಳ. ಭರತಕ್ಷೇತ್ರ ಎನ್ನುವಾಗ ಭೂಖಂಡ. ಗಣಿತದಲ್ಲಿ ತ್ರಿಭುಜದ ಕೆಳಬದಿಗೆ 'ಭೂಮಿ' ಅಥವಾ 'ಭೂ' ಎಂದೇ ಹೆಸರು. ಇಂದಿನ ಪುಸ್ತಕದಲ್ಲಿ ಅದು ಪಾದ. ನಾಲ್ಕು ಬದಿಯ ಆಕೃತಿಯಲ್ಲಿ ಭೂಮಿಗೆ ಎದುರಾದ ಮೇಲ್ಬದಿ 'ಮುಖ'. ಮೇಲಿನ ಮೂಲೆಯಿಂದ ಭೂಮಿಗೆ ನೇರವಾಗಿ ಇಳಿಬಿಟ್ಟ ಗೆರೆ 'ಅವಲಂಬಕ' ಅಥವಾ ಲಂಬ. ಆ ಲಂಬ ಭೂಮಿಯನ್ನು ಎರಡು ತುಂಡು ಮಾಡುತ್ತದೆ. ಒಂದೊಂದು ತುಂಡೂ 'ಆಬಾಧಾ'. ಈ ಕೊನೆಯ ಪದ ಈಗ ಬಳಕೆಯಲ್ಲಿಲ್ಲ, ಅದರ ಬದಲಿಗೆ ಬೇರೆ ಒಂದು ಪದವನ್ನು ಯಾರೂ ತಂದೂ ಇಲ್ಲ.

ಮಹಾವೀರಾಚಾರ್ಯರ ಕ್ಷೇತ್ರಗಣಿತ

ಈ ಪದಗಳನ್ನೆಲ್ಲ ಒಂದೇ ಕಡೆ ಕ್ರಮವಾಗಿ ಇಟ್ಟವರು ಜೈನಾಚಾರ್ಯರಾದ ಮಹಾವೀರಾಚಾರ್ಯರು. ಭಗವಾನ್ ಮಹಾವೀರರ ಹೆಸರಿನೊಡನೆ ಗೊಂದಲ ಬೇಡ. ಇವರು ಕ್ರಿ.ಶ. 9ನೇ ಶತಮಾನದ ಗಣಿತಜ್ಞರು. ಸುಮಾರು 850ರ ಹೊತ್ತಿಗೆ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾರೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲೂಕಿನ ಕಾಗಿಣಾ ದಂಡೆಯ ಮಳಖೇಡ. ಶಹಾಪುರ, ಸುರಪುರ, ಯಾದಗಿರಿ ಕಡೆಯವರಿಗೆ ಅದು ಪಕ್ಕದ ಜಿಲ್ಲೆಯ ಊರು. ಅಲ್ಲಿಯ ನೇಮಿನಾಥ ಬಸದಿಗೆ ಹೋಗಿ ಬಂದ ಸಮಾಜ ಬಾಂಧವರು ಬಹಳ. ಆ ರಾಜನ ಕಾಲದಲ್ಲೇ ಇಂತಹ ಗಣಿತಗ್ರಂಥ ಹುಟ್ಟಿತು ಎಂಬುದು ಮಾತ್ರ ಬಸದಿಯಿಂದ ಹೊರಗೆ ಬರುವವರಲ್ಲಿ ಕೆಲವರಿಗಷ್ಟೇ ಗೊತ್ತು.

ಈ ಗ್ರಂಥ 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಅಚ್ಚಾಯಿತು. 2000ನೇ ಇಸವಿಯಲ್ಲಿ ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಹೊಂಬುಜ ಜೈನ ಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಪ್ರಕಟಿಸಿತು. ಕನ್ನಡದಲ್ಲೇ ಗಣಿತ ಬರೆದವರಲ್ಲಿ ಮೊದಲಿಗನಾಗಿ ನೆನೆಯುವುದು 12ನೇ ಶತಮಾನದ ಜೈನ ಕವಿ ರಾಜಾದಿತ್ಯನನ್ನು. ಅವನ ಕೃತಿಗಳಲ್ಲಿ 'ವ್ಯವಹಾರಗಣಿತ'ದ ಜೊತೆಗೆ 'ಕ್ಷೇತ್ರಗಣಿತ' ಎಂಬ ಹೆಸರಿನದೂ ಇದೆ.

ಮಹಾವೀರಾಚಾರ್ಯರು ಕ್ಷೇತ್ರಗಳನ್ನು ತ್ರಿಭುಜ, ಚತುರ್ಭುಜ, ವೃತ್ತ ಎಂದು ಮೂರು ವರ್ಗ ಮಾಡುತ್ತಾರೆ. ತ್ರಿಭುಜದಲ್ಲಿ ಸಮ, ದ್ವಿಸಮ, ವಿಷಮ ಎಂದು ಮೂರು ಬಗೆ. ಮೂರೂ ಬದಿ ಸಮವಿದ್ದರೆ ಸಮ, ಎರಡು ಸಮವಿದ್ದರೆ ದ್ವಿಸಮ, ಯಾವುದೂ ಸಮವಿಲ್ಲದಿದ್ದರೆ ವಿಷಮ. ಇಂದಿನ ಪಠ್ಯದಲ್ಲಿ ಇವೇ ಸಮಬಾಹು, ಸಮದ್ವಿಬಾಹು, ಅಸಮಬಾಹು. ಚತುರ್ಭುಜದಲ್ಲಿ ಐದು ಬಗೆ, ವೃತ್ತದಲ್ಲಿ ಎಂಟು, ಒಟ್ಟು ಹದಿನಾರು. ವೃತ್ತಗಳಲ್ಲಿ ಶಂಖದಾಕಾರದ ಕಂಬುಕವೃತ್ತವೂ ಇದೆ. ಇವಲ್ಲದೆ ಯವ ಅಂದರೆ ಜವೆಗೋಧಿ ಕಾಳಿನ ಆಕಾರ, ಮುರಜ ಮತ್ತು ಪಣವ ಎಂಬ ವಾದ್ಯಗಳ ಆಕಾರ, ವಜ್ರದ ಆಕಾರ ಎಂದು ಬೇರೆ ಕ್ಷೇತ್ರಗಳನ್ನೂ ಹೇಳಿದ್ದಾರೆ. ಓದುವವನು ಕಣ್ಣಾರೆ ಕಂಡ ವಸ್ತುವಿನ ಹೆಸರನ್ನೇ ಅವರು ಆಕೃತಿಗೂ ಇಡುತ್ತಾರೆ.

ಅವರ ಕ್ಷೇತ್ರಗಣಿತದಲ್ಲಿ ವ್ಯಾಪಾರಸ್ಥರೂ ಜಮೀನುದಾರರೂ ಗಮನಿಸಬೇಕಾದದ್ದು ಲೆಕ್ಕದ ಎರಡು ದಾರಿಗಳು. ಒಂದು ವ್ಯಾವಹಾರಿಕ, ಅಂದರೆ ಸ್ಥೂಲ. ಇನ್ನೊಂದು ಸೂಕ್ಷ್ಮ. ವೃತ್ತದಲ್ಲಿ ಪರಿಧಿಯನ್ನು ಸ್ಥೂಲವಾಗಿ ವ್ಯಾಸದ ಮೂರು ಪಟ್ಟು ಎಂದು ಹಿಡಿಯುವುದು, ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು ಪಟ್ಟು ಹಿಡಿಯುವುದು. ತ್ರಿಭುಜದಲ್ಲಿ ಸ್ಥೂಲ ರೀತಿ ಎಂದರೆ ಎರಡು ಪಕ್ಕದ ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಭೂಮಿಯ ಅರ್ಧದಿಂದ ಗುಣಿಸುವುದು. ಸೂಕ್ಷ್ಮ ರೀತಿಯಲ್ಲಿ ಮೂರೂ ಬದಿಗಳ ಮೊತ್ತದ ಅರ್ಧ ತೆಗೆದು, ಅದರಿಂದ ಒಂದೊಂದೇ ಬದಿಯನ್ನು ಕಳೆದು ಬಂದ ಮೂರು ಸಂಖ್ಯೆಗಳನ್ನೂ ಆ ಅರ್ಧಮೊತ್ತವನ್ನೂ ಗುಣಿಸಿ ವರ್ಗಮೂಲ ತೆಗೆಯಬೇಕು.

ಭೀಮರಾಯನಗುಡಿಯ ಹೊಲದಲ್ಲಿ ಈ ಲೆಕ್ಕ

ಭೀಮರಾಯನಗುಡಿ ಎಂದರೆ ಈ ಭಾಗದವರಿಗೆ ಕೃಷ್ಣಾ ಕಾಲುವೆಯ ಊರು. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ ಇರುವುದು ಇಲ್ಲಿಯೇ. ಕಾಲುವೆ ನೆಲದ ಇಳಿಜಾರು ನೋಡಿ ಹೋಗುತ್ತದೆ, ಹೊಲದ ಬದು ನೋಡಿ ಅಲ್ಲ. ಚೌಕಾದ ಹೊಲವನ್ನು ಕಾಲುವೆಯೋ ರಸ್ತೆಯೋ ಓರೆಯಾಗಿ ಸೀಳಿದರೆ ಉಳಿಯುವುದು ಮೂರು ಮೂಲೆಯ ತುಂಡು. ನೀರಾವರಿ ಬಂದ ಮೇಲೆ ಅಂತಹ ತುಂಡಿಗೂ ಬೆಲೆ ಬಂತು.

ಹಳೆಯ ಗಣಿತದಲ್ಲಿ ಮತ್ತೆ ಮತ್ತೆ ಬರುವ 13, 14, 15 ಬದಿಗಳ ವಿಷಮ ತ್ರಿಭುಜವನ್ನೇ ತೆಗೆದುಕೊಂಡು ನೋಡೋಣ. 33 ಅಡಿ ಸರಪಳಿಯಲ್ಲಿ ಅಳೆದರೆ, 33 ಅಡಿ ಉದ್ದ 33 ಅಡಿ ಅಗಲದ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಹೊಲದ ಮೂರು ಬದುಗಳು 13, 14, 15 ಸರಪಳಿ ಇವೆ ಎನ್ನಿ. ಸೂಕ್ಷ್ಮ ರೀತಿಯಲ್ಲಿ ಮೊತ್ತ 42, ಅರ್ಧ 21. ಬದಿಗಳನ್ನು ಕಳೆದರೆ 8, 7, 6. ನಾಲ್ಕನ್ನೂ ಗುಣಿಸಿದರೆ 7056. ಅದರ ವರ್ಗಮೂಲ 84. ಅಂದರೆ 84 ಗುಂಟೆ, 2 ಎಕರೆ 4 ಗುಂಟೆ. ಲಂಬದಿಂದಲೂ ತಾಳೆ ನೋಡಬಹುದು. 14ರ ಬದಿಯನ್ನು ಭೂಮಿ ಮಾಡಿದರೆ ಅವಲಂಬಕ 12, ಆಬಾಧಾಗಳು 5 ಮತ್ತು 9. ಹದಿನಾಲ್ಕರ ಅರ್ಧ ಏಳು, ಏಳು ಹನ್ನೆರಡಲಿ ಎಂಬತ್ತನಾಲ್ಕು.

ಈಗ ಸ್ಥೂಲ ರೀತಿ. 13 ಮತ್ತು 15ನ್ನು ಕೂಡಿಸಿ ಅರ್ಧ ಮಾಡಿದರೆ 14, ಭೂಮಿಯ ಅರ್ಧ 7, ಗುಣಿಸಿದರೆ 98 ಗುಂಟೆ. 2 ಎಕರೆ 18 ಗುಂಟೆ! ಅದೇ ಹೊಲ, ಅದೇ ಬದು, 14 ಗುಂಟೆ ಹೆಚ್ಚು. ಇಷ್ಟಕ್ಕೇ ನಿಲ್ಲುವುದಿಲ್ಲ. 13ರ ಬದಿಯನ್ನು ಭೂಮಿ ಎಂದು ಹಿಡಿದರೆ 94¼ ಗುಂಟೆ ಬರುತ್ತದೆ, 15ನ್ನು ಹಿಡಿದರೆ 101¼. ಒಂದೇ ಹೊಲಕ್ಕೆ ಮೂರು ಉತ್ತರ. ಉದ್ದನೆಯ ಚೂಪು ತುಂಡಿನಲ್ಲಿ ತಪ್ಪು ಇನ್ನೂ ದೊಡ್ಡದು. ಬದಿಗಳು 10, 10, 2 ಸರಪಳಿ ಇರುವ ಪಟ್ಟಿಯ ನಿಜವಾದ ವಿಸ್ತಾರ ಸುಮಾರು 9.95 ಗುಂಟೆ. 2ನ್ನು ಭೂಮಿ ಮಾಡಿದರೆ ಸ್ಥೂಲ ಲೆಕ್ಕ 10 ಗುಂಟೆ ಕೊಡುತ್ತದೆ, ಬಹುತೇಕ ಸರಿ. 10ನ್ನು ಭೂಮಿ ಮಾಡಿದರೆ 30 ಗುಂಟೆ, ಮೂರು ಪಟ್ಟು.

ಸ್ಥೂಲ ಲೆಕ್ಕದ ಇನ್ನೊಂದು ಗುಣವೆಂದರೆ ಅದು ತಪ್ಪುವುದು ಯಾವಾಗಲೂ ಒಂದೇ ಕಡೆಗೆ. ಲಂಬ ಪಕ್ಕದ ಎರಡೂ ಬದಿಗಳಿಗಿಂತ ಉದ್ದ ಇರಲಾರದು. ಲಂಬದ ಬದಲು ಆ ಬದಿಗಳ ಸರಾಸರಿ ಹಿಡಿದರೆ ಉತ್ತರ ಹೆಚ್ಚೇ ಬರುತ್ತದೆ, ಕಡಿಮೆ ಎಂದೂ ಬರುವುದಿಲ್ಲ. ಮಾರುವವನ ಕೈಗೆ ಹೆಚ್ಚು, ಕೊಳ್ಳುವವನ ಕಿಸೆಗೆ ಕತ್ತರಿ. ಇಂದಿಗೂ ಕೆಲವು ಕಡೆ ದಲ್ಲಾಳಿಗಳು 'ಎರಡು ಬದಿ ಸರಾಸರಿ, ಬುಡದ ಅರ್ಧ' ಎಂದು ಬಾಯಿಲೆಕ್ಕ ಹೇಳುವುದುಂಟು. ಮೋಸದ ಉದ್ದೇಶ ಇಲ್ಲದಿರಬಹುದು, ಲೆಕ್ಕದ ಫಲ ಮಾತ್ರ ಅದೇ.

ಶ್ರಾವಕರಿಗೆ ಇದು ಬರೀ ಗಣಿತದ ಮಾತಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ 'ಹೀನಾಧಿಕ ಮಾನೋನ್ಮಾನ' ಸೇರಿದೆ. ಕೊಡುವಾಗ ಕಡಿಮೆ ಅಳತೆ, ತೆಗೆದುಕೊಳ್ಳುವಾಗ ಹೆಚ್ಚು ಅಳತೆ ಎಂದರ್ಥ. ಅಂಗಡಿಯಲ್ಲಿ ತಕ್ಕಡಿಯನ್ನು ಸರಿ ಇಡುವವರು ಜಮೀನಿನ ಅಳತೆಯಲ್ಲಿ ಅಷ್ಟೇ ಎಚ್ಚರ ಇಟ್ಟಿದ್ದಾರೆಯೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ. ಅದೇ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳ ಪಟ್ಟಿ ಆರಂಭವಾಗುವುದೇ 'ಕ್ಷೇತ್ರ' ಎಂಬ ಪದದಿಂದ. ಇಷ್ಟೇ ಎಕರೆ ಎಂದು ನಿಯಮ ತೆಗೆದುಕೊಂಡವರಿಗೆ ಆ ಎಕರೆ ಸರಿಯಾಗಿ ಅಳೆದದ್ದೇ ಆಗಿರಬೇಕು.

ನಾಲ್ಕು ಬದಿಯ ಹೊಲದ ವಿಷಯದಲ್ಲಿ ಇನ್ನೊಂದು ಎಚ್ಚರ. ತ್ರಿಭುಜದ ಮೂರು ಬದಿ ಗೊತ್ತಾದರೆ ಆಕಾರ ಕಟ್ಟಿಹೋಯಿತು, ಅಲುಗಾಡುವುದಿಲ್ಲ. ನಾಲ್ಕು ಬದಿ ಗೊತ್ತಾದರೂ ಚತುರ್ಭುಜ ಅಲುಗಾಡುತ್ತದೆ. ಮಂಚದ ಚೌಕಟ್ಟು ಸಡಿಲಾದಾಗ ಓರೆಯಾಗುವಂತೆ. ನಾಲ್ಕೂ ಬದು 10 ಸರಪಳಿ ಇದ್ದರೆ 100 ಗುಂಟೆ ಎಂದು ಹೇಳಿಬಿಡುತ್ತಾರೆ. ಮೂಲೆಗಳು ನೇರವಿದ್ದರೆ ಅದು ಸರಿ. ಆದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದಾಗ 12 ಸರಪಳಿ ಬಂದರೆ ಇನ್ನೊಂದು ಓರೆ 16 ಇರುತ್ತದೆ, ವಿಸ್ತಾರ 96 ಗುಂಟೆ ಮಾತ್ರ. ಆದ್ದರಿಂದ ನಾಲ್ಕು ಬದುಗಳ ಜೊತೆಗೆ ಒಂದು ಕರ್ಣವನ್ನು ಅಳೆಯಲೇಬೇಕು. ಕರ್ಣ ಎಳೆದ ಕೂಡಲೇ ಹೊಲ ಎರಡು ತ್ರಿಭುಜವಾಗುತ್ತದೆ, ಎರಡಕ್ಕೂ ಸೂಕ್ಷ್ಮ ಲೆಕ್ಕ ಮಾಡಿ ಕೂಡಿಸಿದರೆ ಆಯಿತು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿ ಇರುವಾಗ ಸ್ಥೂಲ ರೀತಿಗೆ ನೆಪವಿಲ್ಲ. ಕರಾರಿಗೆ ಮುಂಚೆ ಪಹಣಿಯ ಎಕರೆ-ಗುಂಟೆ ಮಾತ್ರ ನೋಡದೆ ಸರ್ವೆ ನಕ್ಷೆಯನ್ನೂ ನೋಡಿ, ಪರವಾನಗಿ ಇರುವ ಭೂಮಾಪಕರಿಂದ ಅಳೆಯಿಸುವುದು ಕ್ಷೇಮ.

ಆಗಮಗಳಲ್ಲಿ ಆಕೃತಿಯ ಪದಗಳು

ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಐದು ಸಂಸ್ಥಾನಗಳು ಬರುತ್ತವೆ: ಬಳೆಯಂತಹ ಪರಿಮಂಡಲ, ವೃತ್ತ, ತ್ರ್ಯಸ್ರ, ಚತುರಸ್ರ, ಆಯತ. ಸಂಸ್ಥಾನ ಎಂದರೆ ಇಲ್ಲಿ ರಾಜರ ಸಂಸ್ಥಾನ ಅಲ್ಲ, ಆಕಾರ. ಇದೇ ಆಗಮಗಳ ನಗರವರ್ಣನೆಯಲ್ಲಿ 'ಸಿಂಘಾಡಗ' ಎಂಬ ಪದ ಸಿಗುತ್ತದೆ, ಮೂರು ಮೂಲೆಯ ಸ್ಥಳ ಎಂದು ಅರ್ಥ. ಸಂಸ್ಕೃತದಲ್ಲಿ ಶೃಂಗಾಟಕ. ಉತ್ತರದ ಕಡೆಯಿಂದ ಬಂದ ಮನೆಗಳಲ್ಲಿ ಉಪವಾಸದ ದಿನಗಳಿಗೆ ತರಿಸುವ ಶಿಂಗಾಡಾ ಹಿಟ್ಟಿನ ಕಾಯಿಯೂ ಅದೇ, ನೀರಿನಲ್ಲಿ ಬೆಳೆಯುವ ಕೊಂಬಿನ ಕಾಯಿ. ಜೈನೇತರ ಪರಂಪರೆಯಲ್ಲಿ ಶುಲ್ಬಸೂತ್ರಗಳು ತ್ರಿಭುಜಕ್ಕೆ 'ಪ್ರಉಗ' ಎನ್ನುತ್ತವೆ, ರಥದ ಮೂಕಿಯ ಮುಂತುದಿ.

ಲೋಕಾಕಾಶದ ವರ್ಣನೆಯಲ್ಲಿ ಅಧೋಲೋಕ ವೇತ್ರಾಸನದಂತೆ, ಮಧ್ಯಲೋಕ ಝಲ್ಲರಿಯಂತೆ, ಊರ್ಧ್ವಲೋಕ ಮೃದಂಗದಂತೆ ಎಂದು ಹೇಳುತ್ತಾರೆ. ವೇತ್ರಾಸನ ಎಂದರೆ ಬೆತ್ತದ ಪೀಠ, ಕೆಳಗೆ ಅಗಲ, ಮೇಲೆ ಕಿರಿದು. ಅದರ ಅಡ್ಡನೋಟ ಇಂದಿನ ಪಠ್ಯದ ತ್ರಾಪಿಜ್ಯ. ತ್ರಾಪಿಜ್ಯ ಸಂಸ್ಕೃತದಂತೆ ಕೇಳಿಸಿದರೂ ಗ್ರೀಕಿನ ಟ್ರಪೀಜಿಯನ್ ಪದವನ್ನು ನಮ್ಮ ಉಚ್ಚಾರಕ್ಕೆ ಒಗ್ಗಿಸಿದ್ದು, ಮೂಲ ಅರ್ಥ ಚಿಕ್ಕ ಮೇಜು. ಅವರಿಗೆ ಮೇಜು ಕಂಡಿತು, ನಮ್ಮವರಿಗೆ ಪೀಠ. ರಾಷ್ಟ್ರಕೂಟರ ಕಾಲದಲ್ಲಿ 'ಧವಲಾ' ಟೀಕೆ ಬರೆದ ವೀರಸೇನಾಚಾರ್ಯರು ಲೋಕದ ಘನಫಲ 343 ಘನರಜ್ಜು ಎಂಬುದನ್ನು ಈ ಆಕಾರದಿಂದಲೇ ಸಾಧಿಸುತ್ತಾರೆ. ಬುಡದಲ್ಲಿ ಅಗಲ 7 ರಜ್ಜು, ನಡುವೆ 1, ಎತ್ತರ 7. ಸರಾಸರಿ ಅಗಲ 4, ಎತ್ತರ 7, ದಕ್ಷಿಣೋತ್ತರ ದಪ್ಪ 7: ಅಧೋಲೋಕ 196. ಊರ್ಧ್ವಲೋಕ 1ರಿಂದ 5ಕ್ಕೆ ಹಿಗ್ಗಿ ಮತ್ತೆ 1ಕ್ಕೆ ಕುಗ್ಗುತ್ತದೆ. ಸರಾಸರಿ 3, ಎತ್ತರ 7, ದಪ್ಪ 7: 147. ಎರಡೂ ಸೇರಿ 343. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಈ ಸಂಖ್ಯೆಯನ್ನು ಎಂಟನೆಯ ತರಗತಿಯ ಮಗು ತಾನೇ ಲೆಕ್ಕ ಮಾಡಿ ತೆಗೆಯಬಹುದು. ಧವಲಾದ ತಾಡೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆ.

ಬಿಲ್ಲಿನ ಪದಗಳು ಬೇರೊಂದು ಗುಂಪು. ಜಂಬೂದ್ವೀಪ ಒಂದು ಲಕ್ಷ ಯೋಜನ ವ್ಯಾಸದ ವೃತ್ತ. ಅದರ ದಕ್ಷಿಣ ತುದಿಯ ಭರತಕ್ಷೇತ್ರದ ವಿಸ್ತಾರ ಆ ವ್ಯಾಸದ 190ನೇ ಒಂದು ಭಾಗ, ಅಂದರೆ 526 6/19 ಯೋಜನ. ಅದರ ಆಕಾರ ಬಿಲ್ಲಿನಂತೆ. ಬಾಗಿದ ಅಂಚು ಧನುಷ್, ನೇರ ಅಂಚು ಜೀವಾ ಅಥವಾ ಜ್ಯಾ, ನಡುವಿನ ಎತ್ತರ ಶರ ಅಥವಾ ಇಷು. ಜೀವ ಎಂದರೆ ಆತ್ಮ, ಜೀವಾ ಎಂದರೆ ಬಿಲ್ಲಿನ ಹೆದೆ. ದೀರ್ಘ ತಪ್ಪಿದರೆ ಅರ್ಥ ಎಲ್ಲಿಗೋ ಹೋಗುತ್ತದೆ. ಉಮಾಸ್ವಾತಿಗಳ ಹೆಸರಿನ ತತ್ತ್ವಾರ್ಥಾಧಿಗಮ ಭಾಷ್ಯದಲ್ಲಿ ಶರ, ವ್ಯಾಸಗಳಿಂದ ಜೀವಾ ತೆಗೆಯುವ ರೀತಿ ಇದೆ. ವ್ಯಾಸದಿಂದ ಶರವನ್ನು ಕಳೆದು, ಶರದಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ವರ್ಗಮೂಲ ತೆಗೆಯುವುದು. ವ್ಯಾಸ 10, ಶರ 2 ಇದ್ದರೆ 8ನ್ನು 2ರಿಂದ, ಮತ್ತೆ 4ರಿಂದ ಗುಣಿಸಿ 64, ಜೀವಾ 8. ಈ ಜೀವಾ ಪದವೇ ಅರಬ್ಬರ ಬಾಯಲ್ಲಿ 'ಜೀಬ' ಆಗಿ, ಸ್ವರ ಬರೆಯದ ಅವರ ಲಿಪಿಯಲ್ಲಿ 'ಜೈಬ್' ಎಂದು ಓದಲ್ಪಟ್ಟು, ಮಡಿಲು ಎಂಬ ಅರ್ಥದ ಲ್ಯಾಟಿನ್ 'ಸೈನಸ್' ಆಗಿ ಅನುವಾದಗೊಂಡು, ಕೊನೆಗೆ ಮಕ್ಕಳ ತ್ರಿಕೋನಮಿತಿಯ 'ಸೈನ್' ಆಗಿ ಮನೆಗೆ ಮರಳಿದೆ.

ಶಾಲೆಯ ಪದಗಳು ಮತ್ತು ಇತರ ಬಳಕೆ

ಹಳೆಯ ಗ್ರಂಥ ಓದುವ ಮಕ್ಕಳಿಗೆ ತೊಡಕು ಕೊಡುವ ಪದ ಕರ್ಣ. ಪ್ರಾಚೀನರು ಲಂಬಕೋನ ತ್ರಿಭುಜದ ಅತಿ ಉದ್ದದ ಬದಿಗೂ, ಚತುರ್ಭುಜದ ಓರೆಗೆರೆಗೂ ಕರ್ಣ ಎಂದೇ ಹೇಳಿದರು. ಉಳಿದ ಎರಡು ಬದಿ ಭುಜ ಮತ್ತು ಕೋಟಿ. ನಮ್ಮ ರಾಜ್ಯದ ಪಠ್ಯದಲ್ಲಿ ಚತುರ್ಭುಜದ್ದು ಕರ್ಣ, ತ್ರಿಭುಜದ್ದು ವಿಕರ್ಣ. ಈ ಕೋಟಿಗೂ ನೂರು ಲಕ್ಷದ ಕೋಟಿಗೂ ಸಂಬಂಧ ಕಲ್ಪಿಸಬಾರದು. ಇಲ್ಲಿ ಅದು ಬಿಲ್ಲಿನ ತುದಿ, ಕೊನೆ ಎಂಬ ಅರ್ಥದ್ದು.

ಜ್ಯೋತಿಷ್ಯದಲ್ಲಿ ತ್ರಿಕೋನ ಎಂದರೆ ಜಾತಕದ 1, 5, 9ನೇ ಸ್ಥಾನಗಳು. ಪತ್ರಿಕೆಯವರ 'ತ್ರಿಕೋನ ಸ್ಪರ್ಧೆ' ಮೂವರು ಅಭ್ಯರ್ಥಿಗಳದ್ದು, ಅಲ್ಲಿ ಕೋನವೂ ಇಲ್ಲ, ಭುಜವೂ ಇಲ್ಲ. ಸರ್ಕಾರಿ ಆಸ್ಪತ್ರೆಯ ಗೋಡೆಯ ತಲೆಕೆಳಗಾದ ಕೆಂಪು ತ್ರಿಕೋನ ಕುಟುಂಬ ಯೋಜನೆಯದ್ದು. ಇವನ್ನು ಯಾರೂ ತ್ರಿಭುಜ ಎನ್ನುವುದಿಲ್ಲ. ಲೆಕ್ಕ ಮಾಡುವಾಗ ತ್ರಿಭುಜ, ಗುರುತಿಗೆ ತ್ರಿಕೋನ ಎಂಬ ಹಂಚಿಕೆ ತಾನಾಗಿ ಆಗಿಹೋಗಿದೆ.

ಇತ್ತೀಚೆಗೆ ಬಂದ ಒಂದು ತ್ರಿಕೋನ ಮಾತ್ರ ಜೈನ ಅಡುಗೆಮನೆಗೆ ನೇರ ಸಂಬಂಧಿಸಿದ್ದು. ಮೊದಲು ಆಹಾರ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇರುತ್ತಿತ್ತು. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ. 2020ರ ಲೇಬಲಿಂಗ್ ನಿಯಮಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಮಾಂಸಾಹಾರದ ಗುರುತನ್ನು ಚೌಕದೊಳಗಿನ ಕಂದು ತ್ರಿಕೋನ ಎಂದು ಬದಲಿಸಿತು. ಈಗ ಬಣ್ಣ ಕಾಣದಿದ್ದರೂ ಆಕಾರ ಹೇಳುತ್ತದೆ. ದುಂಡಗಿದ್ದರೆ ಸಸ್ಯಾಹಾರ, ಮೂರು ಮೂಲೆ ಇದ್ದರೆ ಬೇಡ. ಮೊಟ್ಟೆ ಇರುವ ಪದಾರ್ಥಕ್ಕೂ ತ್ರಿಕೋನವೇ. ಜೇನುತುಪ್ಪವನ್ನು ಆ ನಿಯಮ ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಈರುಳ್ಳಿ-ಬೆಳ್ಳುಳ್ಳಿ, ಆಲೂಗಡ್ಡೆಯಂತಹ ಗಡ್ಡೆಗಳು ಹೇಗೂ ಸಸ್ಯವೇ. ಆದ್ದರಿಂದ ತ್ರಿಕೋನ ಇಲ್ಲದ ಪೊಟ್ಟಣದಲ್ಲೂ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಿಯೇ ಕೊಳ್ಳಬೇಕು.